ಗಂಟಿನ ಮೇಲೊಂದು ಹೊಲಿಗೆ

ಕಳೆದ ವರ್ಷ ಹೊಲಿಗೆ ಅಂಗಡಿ ಹೊತ್ತಿ ಉರಿದಾಗ ನನ್ನ ತಂಗಿ ಒಳಗೆ ಹೊಲಿಯುತ್ತಿದ್ದಳು. ಕಳ್ಳರ ಭಯವೆಂದು ಮಾಲೀಕ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿದ್ದ; ಅವಳು ಹೊರಬರಲಾಗದೆ ಸತ್ತಳು. ಆ ಸಿಟ್ಟಿಗೇ ನಾನು ಊರಿನ ಸ್ವಯಂಸೇವಕರ ಅಗ್ನಿಶಾಮಕ ದಳ ಸೇರಿದೆ.

ಮೊದಲ ತರಬೇತಿ ಅದೇ ಸುಟ್ಟ ಅಂಗಡಿಯಲ್ಲಿ, ಹಾಡಹಗಲಲ್ಲಿ ನಡೆಯಿತು. ದಳದ ನಾಯಕನಾದ ಪ್ಲಂಬರ್ ನನ್ನ ಸೊಂಟಕ್ಕೆ ಹಗ್ಗ ಬಿಗಿದು, ನೋಯದಿರಲೆಂದು ನಡುವೆ ತನ್ನ ಕರವಸ್ತ್ರ ಇಟ್ಟ.

"ಎರಡು ಸಲ ಜಗ್ಗಿದರೆ ಹೊರಗೆ ಎಳ್ಕೊಳ್ತೀವಿ. ಈ ವಯಸ್ಸಲ್ಲಿ ಬೆಂಕಿ ಜೊತೆ ಸರಸ ಬೇಕಿತ್ತಾ ಅಕ್ಕಾ?"

"ಬೀಗ ಹಾಕಿದವನನ್ನ ಕೇಳಪ್ಪ. ಗಂಟು ಗಟ್ಟಿಯಾಗಿದೆ ತಾನೆ? 'ಗಂಟು ನಂಬಬೇಡ, ಮೇಲೊಂದು ಹೊಲಿಗೆ ಹಾಕು' ಅಂತಿದ್ದಳು ನನ್ನ ತಂಗಿ."

ಅವನು ನಕ್ಕ.

ಒಳಗೆ ಮೈ ನಡುಗುವಷ್ಟು ಚಳಿಯಿತ್ತು. ಹಿಂಬಾಗಿಲ ಚಿಲಕ ಮಾತ್ರ ಕೈ ಸುಟ್ಟಿತು. ತಳ್ಳಿದರೆ ಬಾಗಿಲು ಅಲುಗಲಿಲ್ಲ; ಆ ಪಾಪಿ ಮಾಲೀಕ ಹೊರಗಿನ ಬೀಗವನ್ನು ಇವತ್ತಿಗೂ ತೆಗೆದಿರಲಿಲ್ಲ. ಸಿಟ್ಟು ನೆತ್ತಿಗೇರಿ ಎರಡೂ ಕೈಯಿಂದ ಬಾಗಿಲು ಗುದ್ದತೊಡಗಿದೆ. ತಟ್ಟನೆ ಹಗ್ಗ ನನ್ನನ್ನು ದರದರನೆ ಹೊರಗೆಳೆಯಿತು. ನಾನು ನಿಂತಿದ್ದಲ್ಲಿ ತೊಲೆ ಮುರಿದು ಬಿತ್ತು.

"ಸರಿಯಾದ ಹೊತ್ತಿಗೆ ಜಗ್ಗಿದಿರಿ ಅಕ್ಕಾ!"

"ನಾನೆಲ್ಲಿ ಜಗ್ಗಿದೆ? ಬಾಗಿಲು ಗುದ್ದುತ್ತಿದ್ದೆನಲ್ಲ!"

ಹಗ್ಗ ಬಿಚ್ಚಲು ಬಂದ ಪ್ಲಂಬರನ ಕೈ ಗಂಟಿನ ಬಳಿ ತಡೆದು ನಿಂತಿತು. ಅವನು ಹಾಕಿದ್ದ ಗಂಟಿನ ಮೇಲೆ ಕೆಂಪು ದಾರದ ಒಂದು ಹೊಲಿಗೆಯಿತ್ತು. ಮುಟ್ಟಿ ನೋಡಿದೆ. ದಾರ ಇನ್ನೂ ಬಿಸಿಯಾಗಿತ್ತು.