ಜಾವಗಲ್ ದಾಟಿದರೆ ನಿಲ್ಲುವ ಕಾರು

ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಎರಡೂವರೆ ಸಾವಿರ. ನಾಝಲ್‌ಗಳನ್ನು ಹಾಸನಕ್ಕೆ ಕಳಿಸಿ ಸರಿಮಾಡಿಸಿದ್ದಕ್ಕೆ ನಾಲ್ಕು ಸಾವಿರದ ಎಂಟುನೂರು. ಫಿಲ್ಟರು, ಡೀಸೆಲ್ ಪೈಪು, ತಾಮ್ರದ ವಾಷರು ಎಲ್ಲ ಸೇರಿ ಇನ್ನೊಂದು ಸಾವಿರ. ಇಷ್ಟೆಲ್ಲ ಸುರಿದರೂ ನನ್ನ ಹಳೆಯ ಡೀಸೆಲ್ ಅಂಬಾಸಿಡರ್ ಅರಸೀಕೆರೆ ಬಿಟ್ಟು ಜಾವಗಲ್ ದಾಟುತ್ತಿದ್ದಂತೆ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು.

ರೈಲಿಳಿದು ಹಳೇಬೀಡು, ಬೇಲೂರು ನೋಡಲು ಹೊರಡುವವರಿಗೆ ಹಳೆಯ ಕಾರೆಂದರೆ ಇಷ್ಟ. ಅದನ್ನು ನಂಬಿಯೇ ನಾನು ಬಾಡಿಗೆ ಓಡಿಸಲು ಇಳಿದದ್ದು. ಅರೇಹಳ್ಳಿಯ ಒಂದು ಹೋಂಸ್ಟೇಯವರು ಅತಿಥಿಗಳನ್ನೆಲ್ಲ ನನ್ನ ಕಾರಿನಲ್ಲೇ ಕರೆಸಿಕೊಳ್ಳುತ್ತಿದ್ದರು. ನನ್ನ ಸಂಪಾದನೆಯ ಮುಕ್ಕಾಲು ಪಾಲು ಅದೇ. ಭಾನುವಾರ ಮೂರನೆಯ ಸಲ ಅವರ ಅತಿಥಿಗಳು ರಸ್ತೆ ಬದಿಯಲ್ಲಿ ಬಿಸಿಲಿಗೆ ನಿಂತರು. "ನಾಳೆ ಸಂಜೆಯೊಳಗೆ ಸರಿಯಾಯ್ತು ಅಂತ ಫೋನ್ ಮಾಡಿ ಮೇಡಂ, ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕೋತೀವಿ" ಎಂದರು ಹೋಂಸ್ಟೇಯವರು.

ಬೆಳಿಗ್ಗೆ ಎದ್ದವಳೇ ಇಷ್ಟೆಲ್ಲ ರಿಪೇರಿ ಮಾಡಿದ್ದ ಮಹಾಂತೇಶ್ ಅವರ, ಕೊಬ್ಬರಿ ಮಾರ್ಕೆಟ್ಟಿನ ಹಿಂದಿರುವ ಗ್ಯಾರೇಜಿಗೆ ಹೋದೆ. ಪಕ್ಕದ ಟೀ ಅಂಗಡಿಯ ಮುದ್ದಮ್ಮ ನನ್ನನ್ನು ನೋಡಿ ನಕ್ಕಳು.

"ನೀನು ಬತ್ತೀಯ ಅಂತ ಗೊತ್ತಾದ್ರೆ ಅವ್ನು ಶರಟು ಬದ್ಲಾಯಿಸ್ತಾನೆ ಕಣವ್ವ. ಅಂಥೋನು ನಿನ್ ಗಾಡಿ ಬೇಗ ಸರಿ ಮಾಡ್ತಾನಾ?"

ಆ ಮಾತು ನೆಟ್ಟಗೆ ತಲೆಗೇರಿತು. ಗ್ಯಾರೇಜಿನೊಳಗೆ ನುಗ್ಗಿ ಕೇಳಿದೆ.

"ಏನ್ರೀ, ನಿಮ್ಗೆ ಕಾರು ಸರಿಯಾಗೋದು ಬೇಕೋ, ನಾನು ವಾರವಾರ ಬಂದು ಇಲ್ಲಿ ನಿಲ್ಲೋದು ಬೇಕೋ?"

ಲಾರಿಯ ಅಡಿಯಿಂದ ಹೊರಬಂದ ಮಹಾಂತೇಶ್ ಅವರ ಮುಖ ಕೆಂಪಾಯಿತು.

"ಎರಡೂ ಬೇಕು ಅಂದ್ರೆ ಬೈತೀರ."

"ಬೈಯಲ್ಲ. ಕೈಗೆ ಸಿಕ್ಕಿದ ಸ್ಪ್ಯಾನರ್ ತಗೋತೀನಿ."

ಅವರು ನಗಲಿಲ್ಲ. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. "ಇಲ್ಲಿ ನಿಲ್ಸಿ ನೋಡಿದ್ರೆ ಪ್ರೆಶರ್ ಸರಿ ಐತೆ. ಓಡ್ತಾ ಓಡ್ತಾ ನೋಡ್ಬೇಕು" ಎಂದು ಫಿಲ್ಟರಿಗೂ ಇಂಜಿನ್ನಿಗೆ ಡೀಸೆಲ್ ಹಾಯಿಸುವ ದೊಡ್ಡ ಪಂಪಿಗೂ ನಡುವೆ ಒತ್ತಡ ತೋರಿಸುವ ಒಂದು ಗೇಜ್ ಕೂಡಿಸಿ, ಅದರ ಉದ್ದದ ಪೈಪನ್ನು ಕಿಟಕಿಯಿಂದ ಒಳಗೆ ತಂದರು. ಗೇಜನ್ನು ಮೊಣಕಾಲ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತರು. ಶರಟು ಬದಲಾಗಿತ್ತು. ಉಗುರು ಉಜ್ಜಿ ಉಜ್ಜಿ ತೊಳೆದಿದ್ದರು.

ಹೊರಟೆವು. ಮುಳ್ಳು ಅಲುಗದೆ ಮೇಲೇ ನಿಂತಿತ್ತು.

"ಗೇಜ್ ನೋಡಿ."

"ನೋಡ್ತಾ ಇದ್ದೀನಿ."

"ಗೇಜ್ ಈ ಕಡೆ ಇಲ್ಲ."

ಅವರು ತಟ್ಟನೆ ತಲೆ ತಗ್ಗಿಸಿದರು. ನನಗೆ ಕೋಪವೂ ಬಂತು, ಕೆನ್ನೆಯೂ ಬಿಸಿಯಾಯಿತು. ಗೇರು ಬದಲಾಯಿಸುವಾಗ ಕೈ ತಾಕೀತೆಂದು ಅವರು ಬಾಗಿಲಿಗೆ ಅಂಟಿಕೊಂಡು ಕೂತಿದ್ದರು. ಅಷ್ಟು ದೂರ ಕೂರಬೇಕಿರಲಿಲ್ಲ.

ಜಾವಗಲ್ ದಾಟಿತು. "ಇಳೀತಾ ಐತೆ" ಎಂದರು. ಮುಳ್ಳು ಮೆಲ್ಲಗೆ ಸೊನ್ನೆಗೆ ಬಂತು. ಕಾರು ಮುಗ್ಗರಿಸಿ ನಿಂತಿತು. ನಾನು ಸ್ಟೇರಿಂಗ್ ಮೇಲೆ ಹಣೆಯಿಟ್ಟೆ.

"ಪಂಪಿಗೆ ಬಲ ಇಲ್ದಿದ್ರೆ ಗ್ಯಾರೇಜಲ್ಲೇ ಕಾಣ್ಬೇಕಿತ್ತು. ಹಿಂದೆ ಏನೋ ಹಿಡ್ಕೊಂಡೈತೆ" ಎಂದು ಅವರು ಬೀಗದ ಕೈ ಕೇಳಿ ಟ್ಯಾಂಕಿನ ಬಳಿ ಹೋದರು. ಮುಚ್ಚಳ ತಿರುಗಿಸಿದ್ದೇ ತಡ, ಟ್ಯಾಂಕು ಸೊಯ್ಯೆಂದು ಗಾಳಿ ಒಳಗೆಳೆದುಕೊಂಡಿತು. ಬಾನೆಟ್ಟಿನಡಿ ಕೈಪಂಪು ಒತ್ತಿದರು. ಸ್ಟಾರ್ಟ್ ಮಾಡಿದೆ. ಮುಳ್ಳು ಏರಿ ನಿಂತಿತು.

"ಸಿಕ್ತಾ?"

"ಸಿಕ್ತು." ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿಯೇ ಹೇಳಿದರು. "ತಪ್ಪು ನಂದು. ಇದು ನಾನು ಹಾಕಿಕೊಟ್ಟ ಮುಚ್ಚಳ."

ಈ ಕಾಟ ಶುರುವಾಗುವ ಮೊದಲು ಒಮ್ಮೆ, ರೈಲ್ವೆ ಸ್ಟೇಷನ್ ಹತ್ತಿರ ನನ್ನ ಕಾರಿನಿಂದ ಯಾರೋ ಡೀಸೆಲ್ ಕದ್ದಾಗ, ಅವರು ಬೀಗ ಇರುವ ಮುಚ್ಚಳವೊಂದನ್ನು ಹಾಕಿದ್ದರು. ಅದಕ್ಕೆ ದುಡ್ಡು ತೆಗೆದುಕೊಂಡಿರಲಿಲ್ಲ.

"ಇದು ಪೆಟ್ರೋಲ್ ಕಾರಿಂದು. ಆ ಟ್ಯಾಂಕಿಗೆ ಗಾಳಿ ಬೇರೆ ಕಡೆಯಿಂದ ಹೋಗ್ತದೆ. ನಿಮ್ದಕ್ಕೆ ಮುಚ್ಚಳದ ತೂತೇ ದಾರಿ. ಇದ್ರಲ್ಲಿ ತೂತಿಲ್ಲ. ಡೀಸೆಲ್ ಖರ್ಚಾದಂಗೆ ಒಳಗೆ ಗಾಳಿ ಸಿಗ್ದೆ ಬಿಗಿಯಾಗಿ, ಪಂಪ್ ಎಷ್ಟು ಎಳೆದ್ರೂ ಬರಲ್ಲ. ಗ್ಯಾರೇಜಲ್ಲಿ ಮುಚ್ಚಳ ತೆಗೆದಿಟ್ಟೇ ನೋಡ್ತಿದ್ದೆ. ನಾನೇ ಕೊಟ್ಟಿದ್ದರ ಮೇಲೆ ಅನುಮಾನವೇ ಬರ್ಲಿಲ್ಲ."

ನಾನು ಹೋಂಸ್ಟೇಗೆ ಫೋನ್ ಮಾಡಿದೆ. ಕಾರಣ ಸಿಕ್ಕಿತು, ಸರಿಯಾಯಿತು ಎಂದೆ. ನಿನ್ನೆಯ ಅತಿಥಿಗಳು ಆನ್‌ಲೈನಿನಲ್ಲಿ ಕೆಟ್ಟ ರಿವ್ಯೂ ಬರೆದುಬಿಟ್ಟಿದ್ದರಂತೆ. "ಸಾರಿ ಮೇಡಂ, ಇನ್ನು ಆಗಲ್ಲ" ಎಂದು ಅವರು ಫೋನ್ ಇಟ್ಟುಬಿಟ್ಟರು.

ಮೋರಿಯ ಕಟ್ಟೆಯ ಮೇಲೆ ಕೂತೆ. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಕೊಟ್ಟಿದ್ದ ದುಡ್ಡೆಲ್ಲ ವಾಪಸ್ ಕೊಡ್ತೀನಿ" ಎಂದರು.

"ನಾನು ದುಡ್ಡು ಕೇಳ್ಲಿಲ್ಲ. ಮುಚ್ಚಳ ಯಾಕೆ ಸುಮ್ನೆ ಕೊಟ್ರಿ? ಅದನ್ನ ಹೇಳಿ."

"ಡೀಸೆಲ್ ಕಳುವಾದ ದಿನ ನೀವು ಗ್ಯಾರೇಜಲ್ಲಿ ಊಟದ ಡಬ್ಬಿ ಬಿಚ್ಚಿ, ಹಂಗೇ ಮುಚ್ಚಿದ್ರಿ. ಅವತ್ತು ನಂಗೂ ತಿನ್ನಕ್ಕಾಗ್ಲಿಲ್ಲ."

ಹೊಲದ ಕಡೆಯಿಂದ ಗಾಳಿ ಬಂತು. ಒಂದು ಬಸ್ಸು ನಮ್ಮ ಮೇಲೆ ಧೂಳು ಚೆಲ್ಲಿ ಹೋಯಿತು.

"ಮುಚ್ಚಳ ಕೊಡೋ ಬದ್ಲು ಬಾಯಿಬಿಟ್ಟು ಹೇಳಿದ್ರೆ ನನ್ನ ಬಾಡಿಗೆ ಉಳೀತಿತ್ತು."

"ಹೇಳಿದ್ರೆ ನೀವು ಬೇರೆ ಗ್ಯಾರೇಜಿಗೆ ಹೋಗ್ಬಿಟ್ಟಿದ್ರೆ?"

"ಅರಸೀಕೆರೇಲಿ ಗ್ಯಾರೇಜಿಗೇನು ಬರ ಇತ್ತಾ? ಮೂರು ಸಲ ನಿಂತ ಗಾಡೀನ ಯಾವೋಳು ಅದೇ ಕಡೆ ತರ್ತಾಳೆ? ಯೋಚ್ನೆ ಮಾಡಿದ್ರಾ?"

ಅವರು ಅದನ್ನು ಮೊದಲ ಸಲ ಯೋಚಿಸಿದ್ದು ಆ ಗಳಿಗೆಯಲ್ಲೇ. ಮುಖದಲ್ಲಿ ಕಂಡಿತು. ಗ್ರೀಸಿನ ಕೈಯನ್ನು ಹೊಸ ಶರಟಿಗೇ ಒರೆಸಿಕೊಂಡರು.

"ಪ್ರತಿಮಾ, ನೀವಂದ್ರೆ ನಂಗೆ ಇಷ್ಟ. ಮದ್ವೆ ಆಗ್ತೀರಾ?"

"ಆಗ್ತೀನಿ. ಕೋಪ ಇಳಿದ ಮೇಲೆ. ಇವತ್ತು ಇಳಿಯಲ್ಲ, ಈಗ್ಲೇ ಹೇಳಿದ್ದೀನಿ."

ಮುಚ್ಚಳದ ಬದಲು ಟ್ಯಾಂಕಿನ ಬಾಯಿಗೆ ಬಟ್ಟೆ ಕಟ್ಟಿ ಹಳೇಬೀಡಿನವರೆಗೂ ಓಡಿಸಿದೆವು. ಕಾರು ಎಲ್ಲೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ನಾನು ಬೈಯುತ್ತಲೇ ಇದ್ದೆ, ಅವರು ಕೇಳುತ್ತಲೇ ಇದ್ದರು.

ಅರೇಹಳ್ಳಿಯ ಬಾಡಿಗೆ ಮತ್ತೆ ಸಿಗಲಿಲ್ಲ. ಆ ವರ್ಷ ನಷ್ಟದಲ್ಲೇ ಕಳೆಯಿತು. ಮಹಾಂತೇಶ್ ಸಿಕ್ಕಿದರು.