ತೊಳೆಯದೆ ಬಂದ ಅಂಗಿ

"ಅವನ ಕಾಲು ಕಟ್ಟಿಹಾಕಿಬಿಟ್ಟೆಯಲ್ಲೇ... ಈಗ ಸಮಾಧಾನ ಆಯ್ತಾ ನಿಂಗೆ?"

ಕಾವಲಿಯ ಮೇಲಿನ ಗಾಲೆಟ್ ದೋಸೆಯನ್ನು ಮಗುಚಲೆಂದು ಕೈಯೆತ್ತಿದ ಎನೋರಾ ಹಾಗೇ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸ್ವಾಜಿಕ್! ಹೆಗಲ ಮೇಲೆ ಊರಿನ ಫುಟ್‌ಬಾಲ್ ತಂಡದ ಕೊಳೆ ಅಂಗಿಗಳ ಮೂಟೆ. ಪೋರ್‌ಗ್ವೆನ್ ಬಂದರಿನಲ್ಲಿ ಭಾನುವಾರದ ಪಂದ್ಯ ಮುಗಿದರೆ ಆ ಮೂಟೆ ಸೀದಾ ಸ್ವಾಜಿಕಳ ಮನೆ ಸೇರಬೇಕು, ಅದು ಮೂವತ್ತು ವರ್ಷದ ಪದ್ಧತಿ. ಇಂದು ಮನೆಗೂ ಹೋಗದೆ ಮೂಟೆ ಸಮೇತ ಇಲ್ಲಿಗೆ ನುಗ್ಗಿದ್ದಾಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ. ಅವಳು ಅದನ್ನು ಊಟದ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಬೆಣ್ಣೆಯ ಬಟ್ಟಲು ಉರುಳಿ ನೆಲಕ್ಕೆ ಬಿತ್ತು.

"ಯಾರ ಕಾಲು ಅತ್ತೆ? ಏನು ಹೇಳ್ತಿದೀರಿ ನೀವು?"

"ಏನೂ ಗೊತ್ತಿಲ್ಲದವಳ ಹಾಗೆ ಆಡ್ಬೇಡ! ರೊನಾನ್‌ನ ಏಜೆಂಟು ಇವನಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಕೊನೆಗೆ ನಮ್ಮನೆಗೆ ಮಾಡಿದ್ದ. ಮೊದಲನೇ ಡಿವಿಜನ್ ಕಣೇ, ಮೊದಲನೇ ಡಿವಿಜನ್! ವಾಲ್‌ಬ್ರಾನ್ ಕ್ಲಬ್ಬಿನವರು ಕರೀತಿದಾರೆ. ಅವರ ಡಿಫೆಂಡರ್ ಒಬ್ಬ ಮಂಡಿ ಮುರ್ಕೊಂಡು ಮಲಗಿದಾನಂತೆ, ಸೀಸನ್ ಮುಗಿಯೋ ತನಕ ಇವನು ಬೇಕಂತೆ. ಅದಕ್ಕೆ ನಿನ್ನ ಗಂಡ ಏನಂದ ಗೊತ್ತಾ? 'ಬೇಡ, ನನ್ನ ಹೆಂಡ್ತಿಗೆ ಇಲ್ಲಿ ಕೆಲಸ ಇದೆ' ಅಂದನಂತೆ! ನಾಳೆ ಮಧ್ಯಾಹ್ನದೊಳಗೆ ಮನಸ್ಸು ಬದಲಾಯಿಸ್ಲಿ ಅಂತ ಆ ಪುಣ್ಯಾತ್ಮ ನನ್ನ ಕಾಲಿಗೆ ಬೀಳೋದೊಂದು ಬಾಕಿ."

ಕಾವಲಿಯ ಮೇಲೆ ಗಾಲೆಟ್ ಸೀದು ಕರಟಿತು. ಎನೋರಾಳಿಗೆ ಅದರ ವಾಸನೆಯೂ ಬರಲಿಲ್ಲ. ರೊನಾನ್ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ!

ಮೊದಲನೇ ಡಿವಿಜನ್... ಆ ಎರಡು ಪದಗಳಿಗಾಗಿ ಈ ಮನೆ ಏನೆಲ್ಲ ಅನುಭವಿಸಿತ್ತು! ಹದಿನಾಲ್ಕರ ವಯಸ್ಸಿಗೆ ತರಬೇತಿ ಕೇಂದ್ರ ಸೇರಿದ ರೊನಾನ್ ಲಗದೆಕ್ ಈಗ ಮೂವತ್ತನಾಲ್ಕರವನು. ಉತ್ತರದ ಗಣಿಗಳ ಊರು, ಪಿರೆನೀಸ್ ಬೆಟ್ಟದ ತಪ್ಪಲು, ಕೊರ್ಸಿಕಾ ದ್ವೀಪ, ಹೀಗೆ ದೇಶದ ಮೂಲೆಮೂಲೆಯ ಕ್ಲಬ್ಬುಗಳಿಗೆ ಗೋಡೆಯಾಗಿ ನಿಂತು ಆಡಿದ್ದ. ಎಲ್ಲವೂ ಎರಡನೆಯ, ಮೂರನೆಯ ಡಿವಿಜನ್ನುಗಳೇ. ಎರಡು ಸಲ ಅವನ ತಂಡ ಗೆದ್ದು ಮೇಲೇರಿತು. ಎರಡು ಸಲವೂ ಮೇಲೇರಿದ ಕೂಡಲೇ ಕ್ಲಬ್ಬಿನವರು ಇನ್ನೂ ಎಳೆಯ ಕಾಲುಗಳನ್ನು ಹುಡುಕಿಕೊಂಡು, ಇವನ ಕೈಕುಲುಕಿ, ಬೆನ್ನು ತಟ್ಟಿ ಕಳಿಸಿಬಿಟ್ಟರು. ಹತ್ತಿಸಿದವನು ಏಣಿಯ ಬುಡದಲ್ಲೇ ಉಳಿದ! ಕಳೆದ ಜೂನಿನಲ್ಲಿ ಕೊನೆಯ ಕರಾರೂ ಮುಗಿದು ಊರಿಗೆ ಮರಳಿದ್ದ. ಸೀಸನ್ನಿನ ನಡುವೆ ಆಟಗಾರರನ್ನು ಕೊಳ್ಳುವಂತಿಲ್ಲ. ಗಾಯಾಳುವಿನ ಬದಲಿಗೆ ಮಾತ್ರ, ಯಾವ ಕ್ಲಬ್ಬಿಗೂ ಸೇರದವನೊಬ್ಬನನ್ನು ತೆಗೆದುಕೊಳ್ಳಬಹುದು. ಅಂಥವನನ್ನು ಅವರು 'ಜೋಕರ್' ಎನ್ನುತ್ತಾರೆ. ಇಸ್ಪೀಟಿನ ಆ ಎಲೆಯ ಅದೃಷ್ಟ ಈಗ ರೊನಾನ್‌ನನ್ನು ಹುಡುಕಿಕೊಂಡು ಬಂದಿತ್ತು. ಇನ್ನೊಮ್ಮೆ ಬರುವ ಮಾತಿಲ್ಲ.

ಆದರೆ ಎನೋರಾ? ಅವಳು ಹೆರಿಗೆ ಮಾಡಿಸಲು ಓದಿದವಳು. ಪ್ರತಿ ಊರಲ್ಲೂ ಆಸ್ಪತ್ರೆ ಸೇರುವುದು, ಇನ್ನೇನು ಹೆಸರು ಹಿಡಿದು ಕರೆಯುವವರು ನಾಲ್ಕು ಜನ ಆದರು ಎನ್ನುವಷ್ಟರಲ್ಲಿ ಗಂಡನ ಕ್ಲಬ್ ಬದಲಾಗುವುದು, ಮತ್ತೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುವುದು... ಮಗಳು ಅಜೀಲಿಸ್ ಹುಟ್ಟಿದ ಮೇಲೆ ಕೆಲಸವನ್ನೇ ಬಿಟ್ಟಿದ್ದಳು. ಈ ಸೆಪ್ಟೆಂಬರಿನಲ್ಲಿ ಹತ್ತಿರದ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ಮತ್ತೆ ಸೇರಿದ್ದಳು. ಮೊದಲ ಮಗುವನ್ನು ಕೈಯಲ್ಲಿ ಹಿಡಿದ ದಿನ ಕಾರಿನಲ್ಲಿ ಒಬ್ಬಳೇ ಕೂತು ಅತ್ತಿದ್ದಳು. ಅದು ದುಃಖದ ಅಳುವಲ್ಲ, ಎಷ್ಟೋ ವರ್ಷದ ಮೇಲೆ ತನ್ನ ಕೈ ತನಗೆ ಸಿಕ್ಕಿದ ಸಂತೋಷ.

ಅತ್ತೆಗೆ ಸೊಸೆಯ ಮೇಲೆ ಸಿಟ್ಟು ಇಂದಿನದಲ್ಲ. ಮದುವೆಯ ಹೊಸತರಲ್ಲಿ ಸ್ವಾಜಿಕ್ ಜ್ವರ ಬಂದು ಮಲಗಿದಾಗ ತಂಡದ ಅಂಗಿಗಳನ್ನು ತೊಳೆಯುವ ಕೆಲಸ ಎನೋರಾಳ ಪಾಲಿಗೆ ಬಂದಿತ್ತು. ಪಾಪದ ಹುಡುಗಿ, ಬಿಳಿ ಅಂಗಿಗಳ ಜೊತೆಗೇ ಹೊಸ ಕೆಂಪು ಕಾಲುಚೀಲಗಳನ್ನೂ ಮಶೀನಿಗೆ ತುಂಬಿ, ಬಿಸಿನೀರಿಗೆ ತಿರುಗಿಸಿಬಿಟ್ಟಳು! ಮುಂದಿನ ಭಾನುವಾರ ಪೋರ್‌ಗ್ವೆನ್‌ನ ಗಟ್ಟಿಮುಟ್ಟಾದ ಮೀನುಗಾರ ಹುಡುಗರು ಮದುಮಗಳ ಕೆನ್ನೆಯಂಥ ಗುಲಾಬಿ ಅಂಗಿ ತೊಟ್ಟು ಮೈದಾನಕ್ಕಿಳಿದರು. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು, ತಂಡ ಹೀನಾಯವಾಗಿ ಸೋತಿತು. ಅಂದಿನಿಂದ ಸ್ವಾಜಿಕಳ ಬಾಯಲ್ಲಿ ಅವಳು 'ನಮ್ಮ ಗುಲಾಬಿ ಸೊಸೆ'. ಆ ಮೂಟೆಯನ್ನು ಮತ್ತೆಂದೂ ಅವಳಿಗೆ ಮುಟ್ಟಗೊಟ್ಟಿರಲಿಲ್ಲ.

ಹೊರಗೆ ಬೂಟುಗಳನ್ನು ಮೆಟ್ಟಿಲಿಗೆ ಬಡಿದು ಮಣ್ಣು ಉದುರಿಸುವ ಸದ್ದಾಯಿತು. ರೊನಾನ್ ಒಳಬಂದ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮೇಜಿನ ಮೇಲಿನ ಮೂಟೆಯನ್ನು ನೋಡಿದ. ಆರಡಿ ಮೂರಂಗುಲದ ಆ ಗಂಡಸು ಬಾಗಿಲಲ್ಲೇ ಕುಗ್ಗಿಹೋದ.

"ಯಾಕೆ ಹೇಳ್ಲಿಲ್ಲ?" ಎನೋರಾ ಸೀದ ಕಾವಲಿಯನ್ನು ಒಲೆಯಿಂದ ಇಳಿಸಿದಳು.

"ಹೇಳಿದ್ರೆ ನೀನು 'ನಡಿ ಹೋಗೋಣ' ಅಂತಿದ್ದೆ. ಇವತ್ತೇ ಅಟ್ಟದಿಂದ ಪೆಟ್ಟಿಗೆ ಇಳಿಸ್ತಿದ್ದೆ. ನೀನು ಎಂಥವಳು ಅಂತ ನಂಗೆ ಗೊತ್ತಿಲ್ವಾ?"

"ಅದಕ್ಕೆ ನನ್ನನ್ನ ಕೇಳದೇನೇ ನನ್ನ ಹೆಸರಲ್ಲಿ ತ್ಯಾಗ ಮಾಡ್ಬಿಟ್ಯಾ? ನಾಳೆ ನೀನು ಕಿಟಕಿ ಹತ್ರ ನಿಂತು ನಿಟ್ಟುಸಿರು ಬಿಟ್ಟಾಗೆಲ್ಲ ನಾನು ತಲೆ ತಗ್ಗಿಸ್ಬೇಕಾ ರೊನಾನ್? ನೀನೊಬ್ಬನೇ ಹೋಗು. ನಾನೂ ಮಗಳೂ ಇಲ್ಲಿರ್ತೀವಿ."

"ಒಬ್ನೇ ಇದ್ದು ನೋಡಿದೀನಲ್ಲ ಒಂದ್ಸಲ..." ಕೊರ್ಸಿಕಾದ ಆ ಚಳಿಗಾಲ ಇಬ್ಬರಿಗೂ ನೆನಪಿತ್ತು. ಮಂಡಿ ಆಪರೇಷನ್ ಆಗಿ, ಊಟ ಬಿಟ್ಟು, ಪರದೆ ಎಳೆದುಕೊಂಡು ಮಲಗಿದವನನ್ನು ಎಬ್ಬಿಸಿ ನಿಲ್ಲಿಸಲು ಎನೋರಾ ಕೈಗೂಸನ್ನೆತ್ತಿಕೊಂಡು ಹಡಗು ಹತ್ತಿ ಹೋಗಿದ್ದಳು.

"ಎಲ್ರೂ ಹೋಗ್ರಿ ಅಂದ್ರೆ ಮುಗೀತಲ್ಲ!" ಸ್ವಾಜಿಕ್ ಮೇಜು ಗುದ್ದಿದಳು. "ಇವಳಿಲ್ಲ ಅಂದ್ರೆ ಈ ಜಿಲ್ಲೇಲಿ ಮಕ್ಕಳು ಹುಟ್ಟೋದು ನಿಂತುಹೋಗುತ್ತಾ? ಆಟಗಾರನ ಹೆಂಡ್ತಿ ಆದ್ಮೇಲೆ ಅವನ ಬೆನ್ನ ಹಿಂದೆ ಹೋಗೋದು ಕಲೀಬೇಕು!"

"ಸಾಕು ಮಾಡಮ್ಮ!"

ತಾಯಿಯ ಎದುರು ರೊನಾನ್ ದನಿಯೇರಿಸಿದ್ದು ಅದೇ ಮೊದಲು.

"ಬೆನ್ನ ಹಿಂದೆ ಅಂತೀಯಲ್ಲ... ಅವಳು ನನ್ನ ಮುಂದೆ ನಡೆದವಳಮ್ಮ! ಇಪ್ಪತ್ನಾಲ್ಕಕ್ಕೆ ಮೊದಲ ಕ್ಲಬ್ಬು ಹೊರಗೆ ಹಾಕಿದಾಗ, ಸಾಕು, ಅಪ್ಪನ ಹಾಗೆ ದೋಣಿ ಹತ್ತುತೀನಿ ಅಂದೆ. ರಾತ್ರಿ ಪಾಳಿ ಮುಗ್ಸಿ ಬಂದು ಸೈಕಲ್ ತುಳ್ಕೊಂಡು, ಮರಳದಂಡೇಲಿ ನನ್ನ ಓಡಿಸಿದ್ದು ಯಾರು? ಇವಳು! ಪ್ರತಿ ಊರಲ್ಲೂ ಮೈದಾನದ ಕಲ್ಲುಬೆಂಚಿನ ಮೇಲೆ ಮಳೇಲಿ ನೆನೀತಾ ಕೂತಿದ್ದು ಯಾರು? ನೀನು... ನೀನು ಒಂದೇ ಒಂದು ಪಂದ್ಯಕ್ಕೂ ಬರ್ಲಿಲ್ಲಮ್ಮ. ಪ್ರತಿ ಸಲಾನೂ ಊರಿನ ಅಂಗಿ ಒಗೀಬೇಕು ಅಂದೆ. ಬೇರೆಯವರ ಮಕ್ಕಳ ಅಂಗಿ ಬೆಳ್ಳಗೆ ಇಟ್ಟೆ. ನಿನ್ನ ಮಗನ ಅಂಗಿ ಯಾವ ಬಣ್ಣ ಅಂತನಾದ್ರೂ ಗೊತ್ತಾ ನಿಂಗೆ?"

ಗಂಡನನ್ನು ಸಮುದ್ರ ನುಂಗಿದ ಮೇಲೆ ಸ್ವಾಜಿಕ್ ಊರಾಚೆಯ ಸೇತುವೆ ದಾಟಿದವಳಲ್ಲ. ಹೊರಗೆ ಹೋದವರು ಮರಳುವುದಿಲ್ಲವೆಂಬ ಭಯವನ್ನು ಅವಳು ಸೋಪಿನ ನೊರೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಎನೋರಾಳಿಗೆ ಅದು ಗೊತ್ತಿತ್ತು. ಆದ್ದರಿಂದಲೇ ಬೈಗುಳ ತಿಂದೂ ಸುಮ್ಮನಿರುತ್ತಿದ್ದಳು. ಈಗಲೂ ಅವಳು ಗಂಡನ ತೋಳು ಹಿಡಿದು, "ಬಿಡು ರೊನಾನ್... ಅತ್ತೆಗೆ ಹಾಗನ್ಬೇಡ" ಎಂದಳು.

ಸ್ವಾಜಿಕ್ ಸೊಸೆಯ ಮುಖವನ್ನು ಒಮ್ಮೆ ನೋಡಿದಳು. ಮೂಟೆ ಹೊತ್ತುಕೊಂಡು ಹೊರಟುಹೋದಳು.

ಬೆಳಿಗ್ಗೆ ಎನೋರಾ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಬಾಗಿಲ ಮುಂದೆ ಹಳೆಯ ಕಂದು ಸೂಟ್‌ಕೇಸ್. ಅದರ ಪಕ್ಕದಲ್ಲಿ ಚರ್ಚಿಗೆ ಹೋಗುವಾಗಿನ ಕೋಟು ತೊಟ್ಟ ಅತ್ತೆ!

"ಅವನ ಜೊತೆ ನಾನು ಹೋಗ್ತೀನಿ," ಸ್ವಾಜಿಕ್ ಎಲ್ಲೋ ನೋಡುತ್ತ ಹೇಳಿದಳು. "ಅಡುಗೆ ಮಾಡಿ ಹಾಕ್ತೀನಿ, ಮಂಡಿಗೆ ಐಸ್ ಇಡ್ತೀನಿ. ನೀನು ನಿನ್ನ ಕೂಸುಗಳನ್ನ ನೋಡ್ಕೋ. ಆ ಏಜೆಂಟಿಗೆ ಫೋನ್ ಮಾಡಿ ಹೂಂ ಅಂದಾಯ್ತು, ಅವನನ್ನ ನಾನೇ ಒಪ್ಪಿಸ್ತೀನಿ."

"ಅತ್ತೆ... ನೀವು ಸೇತುವೆ..."

"ಕಣ್ಣು ಮುಚ್ಕೊಂಡು ದಾಟ್ತೀನಿ. ಏನೀಗ?"

ಎನೋರಾ ಅಳುತ್ತ ಅವಳನ್ನು ತಬ್ಬಿಕೊಳ್ಳಲು ಹೋದಳು. ಸ್ವಾಜಿಕ್ ಎರಡು ಹೆಜ್ಜೆ ಹಿಂದೆ ಸರಿದು, "ಅಂಗಿ ಮೂಟೆ ಬೇಕರಿ ಮಾರಿವೊನ್‌ಗೆ ಒಪ್ಸಿದೀನಿ. ನಿಂಗಲ್ಲ ಮತ್ತೆ!" ಎಂದಳು. ಎನೋರಾಳಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

ದೇಶದ ಇನ್ನೊಂದು ತುದಿಯ ವಾಲ್‌ಬ್ರಾನ್‌ನಿಂದ ಮೊದಲ ವಾರಗಳಲ್ಲಿ ಬಂದ ಫೋನುಗಳೆಲ್ಲ ಬರೀ ದೂರು. "ಇಲ್ಲಿ ಬೆಣ್ಣೆಗೆ ಉಪ್ಪೇ ಹಾಕಲ್ಲ ಕಣೇ! ಇವರೇನು ಮನುಷ್ಯರಾ? ಬಚ್ಚಲು ಸೋಪು ತಿಂದ ಹಾಗಿದೆ." ಎನೋರಾ ನಗುತ್ತ ಉಪ್ಪು ಬೆಣ್ಣೆ ಕಟ್ಟಿ ಕಳಿಸಿದಳು. ಆಮೇಲೆ ದೂರು ಕಡಿಮೆಯಾಗುತ್ತ ಬಂತು. ರೊನಾನ್ ಪ್ರತಿ ಪಂದ್ಯಕ್ಕೂ ಬದಲಿ ಆಟಗಾರರ ಬೆಂಚಿನ ಮೇಲೆ ಕೂತಿರುತ್ತಿದ್ದ. ಕೋಚ್ ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಎನೋರಾಳ ಫೋನಿನಲ್ಲಿ ಅತ್ತೆಯ ದನಿ ಸಣ್ಣಗೆ ಕೇಳಿಸಿತು.

"ಎನೋರಾ... ಇಲ್ಲಿ ನನ್ನನ್ನ ಯಾರೂ ಹೆಸರು ಹಿಡಿದು ಕರೆಯಲ್ಲಮ್ಮ. ಮಾರ್ಕೆಟ್ಟಲ್ಲಿ ತೋರಿಸಿ ತಗೊಂಡು ಬರ್ತೀನಿ. ಅವನು ಆಡ್ದೇ ಮನೆಗೆ ಬಂದು 'ಚೆನ್ನಾಗಿದೀನಮ್ಮ' ಅಂತಾನೆ. ನಾನು ನಂಬಿದೋಳ ಹಾಗೆ ಸೂಪು ಬಡಿಸ್ತೀನಿ. ನೀನು... ಇದನ್ನ ಐದು ಊರಲ್ಲಿ ಮಾಡ್ದೆಯಲ್ಲ! ಹೇಗೆ ತಡ್ಕೊಂಡೆ ತಾಯಿ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು! ರೊನಾನ್ ಕೂಡ ಕೇಳಿರಲಿಲ್ಲ. ಆಸ್ಪತ್ರೆಯ ಓಣಿಯಲ್ಲಿ ಗೋಡೆಗೊರಗಿ, "ಅಡುಗೆಮನೇಲಿ ರೇಡಿಯೋ ಹಾಕ್ಕೋತಿದ್ದೆ ಅತ್ತೆ... ಜೋರಾಗಿ," ಎಂದಷ್ಟೇ ಹೇಳಿದಳು. ಆ ಸಂಜೆ ಸ್ವಾಜಿಕ್ ಒಂದು ರೇಡಿಯೋ ಕೊಂಡಳೆಂದು ರೊನಾನ್ ಹೇಳಿದ.

ಮೇ ತಿಂಗಳಲ್ಲಿ ಸೀಸನ್ನಿನ ಕೊನೆಯ ಪಂದ್ಯ. ಎನೋರಾ ರಜೆ ಹಾಕಿ ಹೋಗಬೇಕೆಂದಿದ್ದಳು. ಆದರೆ ಜೊತೆಯವಳಿಗೆ ಹುಷಾರಿಲ್ಲದೆ ಆ ದಿನದ ಪಾಳಿ ಇವಳಿಗೇ ಬಿತ್ತು. ಮೊದಲ ಹೆರಿಗೆಯ ಹುಡುಗಿಯೊಬ್ಬಳು ಬೆಳಗಿನಿಂದ ಇವಳ ಕೈ ಬಿಡದೆ ಮಲಗಿದ್ದಳು. ಸಂಜೆ ಮಗುವಿನ ತಲೆ ಕಾಣಿಸಿದ ಗಳಿಗೆಯಲ್ಲೇ ಓಣಿಯಿಂದ ಕೂಗು ಕೇಳಿಸಿತು. "ಎನೋರಾ! ನಿನ್ನ ಗಂಡನ್ನ ಮೈದಾನಕ್ಕೆ ಇಳಿಸಿದ್ರು! ಬಾರೇ, ಟೀವೀಲಿ ಬರ್ತಿದಾನೆ!"

ಬಾಗಿಲು ನಾಲ್ಕೇ ಹೆಜ್ಜೆ... ಆದರೆ ಆ ಹುಡುಗಿಯ ಕಣ್ಣು ಇವಳ ಮುಖದಲ್ಲೇ ನೆಟ್ಟಿತ್ತು. ಎನೋರಾ ಕದಲಲಿಲ್ಲ. "ಉಸಿರು ತಗೋ ಕಂದಾ... ಹಾಂ, ಇನ್ನೊಂದ್ಸಲ," ಎಂದಳು. ಅಲ್ಲಿ ರೊನಾನ್ ಪಂದ್ಯದ ಕೊನೆಯ ಕೆಲವು ನಿಮಿಷ ಮೈದಾನದಲ್ಲಿದ್ದು, ಗೋಲಿನತ್ತ ಬಂದ ಚೆಂಡೊಂದನ್ನು ಕೆಸರಲ್ಲಿ ಬಿದ್ದು ತಲೆಯಿಂದ ಹೊರಗಟ್ಟಿದ. ಇಲ್ಲಿ ಹೆಣ್ಣುಮಗುವೊಂದು ಕೈಗೆ ಬಂದು ಚೀರಿತು. ಓಣಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾವುದಕ್ಕೆಂದು ಎನೋರಾಳಿಗೆ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ. ಒದ್ದೆ ಮಗುವನ್ನು ತಾಯಿಯ ಎದೆಯ ಮೇಲಿಟ್ಟು, ತುಂಬಿ ಬಂದ ಕಣ್ಣನ್ನು ತೋಳಿಗೆ ಒರೆಸಿಕೊಂಡಳು. ಇಷ್ಟು ಕೊಟ್ಟೆಯಲ್ಲ ದೇವರೇ ಎಂದು ಮನಸ್ಸು ಹೇಳುತ್ತಿತ್ತು.

ಮೂರನೆಯ ದಿನ ಅವರಿಬ್ಬರೂ ಊರಿಗೆ ಬಂದರು. ರೊನಾನ್ ಹೆಂಡತಿಯನ್ನು ಅಪ್ಪಿ ಹಿಡಿದು, "ನಿನ್ನ ನೋಡೋಕೆ ಸ್ಟ್ಯಾಂಡ್ ಕಡೆ ತಿರುಗ್ದೆ. ಅಮ್ಮ ಇದ್ಳು. ಸುತ್ತ ಕೂತವರು ಬೇಡ್ರೀ ಬೇಡ್ರೀ ಅಂದ್ರೂ ಬೆಂಚಿನ ಮೇಲೆ ನಿಂತಿದ್ಳು," ಎಂದು ನಕ್ಕ. ನಗುನಗುತ್ತಲೇ ಬಿಕ್ಕಿದ. ಅಜೀಲಿಸ್ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

ಸ್ವಾಜಿಕ್ ಕೋಟನ್ನೂ ತೆಗೆಯದೆ ಸೀದಾ ಅಡುಗೆಮನೆಗೆ ಬಂದು, ಸೂಟ್‌ಕೇಸಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ವಾಲ್‌ಬ್ರಾನ್‌ನ ಬಿಳಿ ಅಂಗಿ. ಬೆನ್ನಿನ ಮೇಲೆ ಲಗದೆಕ್ ಎಂಬ ಹೆಸರು. ಎದೆಯಿಂದ ತೋಳಿನವರೆಗೆ ಒಣಗಿ ಬಿರುಕುಬಿಟ್ಟ ಕೆಸರು.

"ತೊಳೆದಿಲ್ವಾ ಅತ್ತೆ? ನೀವು? ತೊಳೀದೇ ಬಿಟ್ರಾ?"

"ಅಲ್ಲಿಯವರು ಒಗೆದು ಕೊಡ್ತೀವಿ ಅಂದ್ರು, ಕಿತ್ಕೊಂಡು ಬಂದೆ. ನಂಗೂ ದಾರಿಯುದ್ದಕ್ಕೂ ಕೈ ತುರಿಸ್ತಿತ್ತು..." ಸ್ವಾಜಿಕ್ ಅಂಗಿಯನ್ನು ಸೊಸೆಯತ್ತ ತಳ್ಳಿದಳು. "ಇದು ನಾನು ತೊಳೆಯೋ ಅಂಗಿ ಅಲ್ಲ ಮಗಳೇ. ಇದನ್ನ ಸಂಪಾದಿಸಿದೋಳು ನೀನು. ನೀನೇ ತೊಳೀಬೇಕು."

ಮದುವೆಯಾದಂದಿನಿಂದ ಆ ಬಾಯಲ್ಲಿ 'ಮಗಳೇ' ಎಂಬ ಮಾತು ಬಂದಿರಲಿಲ್ಲ. ಎನೋರಾ ಅಂಗಿಯನ್ನು ಎದೆಗವಚಿಕೊಂಡಳು. ಕೆಸರಿನ ಪುಡಿ ಅವಳ ಉಡುಪಿನ ಮೇಲೆಲ್ಲ ಉದುರಿತು.

"ಗುಲಾಬಿ ಆಗ್ಬಿಟ್ರೆ ಅತ್ತೆ?"

"ಆಗ್ಲಿ ಬಿಡು! ಅವನು ಗುಲಾಬೀಲೂ ಚೆನ್ನಾಗೇ ಕಾಣ್ತಾನೆ."

ಎನೋರಾ ಬೋಗುಣಿಗೆ ನೀರು ತುಂಬಿಸಿದಳು. ಸ್ವಾಜಿಕ್ ಪಕ್ಕದಲ್ಲೇ ಬಂದು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ತಣ್ಣೀರು..." ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಅದು ತಣ್ಣೀರೇ ಆಗಿತ್ತು. ಅಂಗಿ ಮುಳುಗಿ ವಾಲ್‌ಬ್ರಾನ್‌ನ ಮಣ್ಣು ನಿಧಾನವಾಗಿ ನೀರಿಗೆ ಬಿಡತೊಡಗಿತು. ಅತ್ತೆ ಸೊಸೆ ಇಬ್ಬರೂ ಕಣ್ಣೊರೆಸಿಕೊಳ್ಳದೆ ಅದನ್ನೇ ನೋಡುತ್ತ ನಿಂತರು.