ನಾಲ್ಕು ಬಿದ್ದರೆ ನಾಲ್ಕೇ ಮನೆ

“ಕೂಸುಗಳಿಗೆ ಜೂಜು ಕಲಸಾಕ ಹತ್ತೀರೇನ್ರಿ, ಮಿಸ್?”

ಬಾಗಿಲಿನಿಂದ ಬಂದ ದನಿಗೆ ಜಯಶ್ರೀ ತಲೆ ಎತ್ತಿದಳು.

ಅದೇ ಮುಖ... ಈ ವಾರವೆಲ್ಲ ಅವ್ವನ ಮೊಬೈಲಿನಲ್ಲಿ ಕದ್ದು ಕದ್ದು ನೋಡಿದ ಮುಖ. ಭಾನುವಾರ ಕುರುಗೋಡಿನ ಅವಳ ಮನೆಗೆ ಹೆಣ್ಣು ನೋಡಲು ಬರಬೇಕಿದ್ದ ಶೇಖರ್! ಶಾಲೆ ಇದ್ದ ಕೌಲ್ ಬಜಾರಿನಲ್ಲೇ ಜೀನ್ಸ್ ಪ್ಯಾಂಟ್ ಹೊಲಿಸುವ ಯೂನಿಟ್ ಅವನದು. ಅವನ ಅಣ್ಣನ ಮಗಳು ಪಂಪಾ ತನ್ನ ಎಲ್‌ಕೆಜಿಯಲ್ಲೇ ಇರುವುದು ಅವಳಿಗೆ ಗೊತ್ತಿತ್ತು. ಕರೆದೊಯ್ಯಲು ಅವನೇ ಬಂದಾನು ಎಂದುಕೊಂಡಿರಲಿಲ್ಲ.

ಅವನಿಗೂ ಗುರುತು ಸಿಕ್ಕಿತು. ಮುಖ ಕೆಂಪೇರಿತು. ಆದರೂ ನೆಲದ ಮೇಲೆ ಬರೆದ ಚೌಕಾಬಾರದಿಂದ, ಮಕ್ಕಳ ಕೈಯ ಕವಡೆಗಳಿಂದ ಕಣ್ಣು ಕೀಳಲಿಲ್ಲ.

“ಜೂಜಲ್ರಿ, ಲೆಕ್ಕ,” ಎಂದಳು ಜಯಶ್ರೀ.

“ಲೆಕ್ಕ ಆಕಿಗೆ ಬರ್ತೈತ್ರಿ. ನೂರರ ತನಕ ಗಡಗಡ ಒಪ್ಪಸ್ತಾಳ.”

“ಒಪ್ಪಸ್ತಾಳ. ಐದು ಬಳಪ ಕೊಡು ಅಂದ್ರ ಮುಷ್ಟಿ ತುಂಬ ಕೊಡ್ತಾಳ.”

ಹೊರಗೆ ಕಾಯುತ್ತಿದ್ದ ತಾಯಂದಿರು ಕಿಸಕ್ಕೆಂದರು. ಶೇಖರನಿಗೆ ಅದು ತಾಗಿತು.

“ಸಾಲಿಗೆ ಕಳಸೋದು ಕವಡಿ ಆಡಾಕಲ್ರಿ.”

“ಕಾಕಾ, ಈಗ ನನ್ನ ಸರದಿ...” ಎಂದು ಅಳುತ್ತಿದ್ದ ಪಂಪಾಳನ್ನು ಎತ್ತಿಕೊಂಡು ಹೊರಟೇಬಿಟ್ಟ.

ಕುರುಗೋಡಿನ ಬಸ್ಸಿನಲ್ಲಿ ಜಯಶ್ರೀ ಕಿಟಕಿಗೆ ಮುಖ ಕೊಟ್ಟು ಕೂತಳು. ಹಿಂದೆ ಹೆಣ್ಣು ನೋಡಿ ಹೋದವರೆಲ್ಲ ‘ಸಾಲಿ ಬಿಡಬೇಕು’ ಅಂದವರೇ. ಈತ ಹಾಗಲ್ಲ ಅಂದುಕೊಂಡಿದ್ದೆನಲ್ಲ... ನನ್ನ ಕೆಲಸವನ್ನೇ ಜೂಜು ಅನ್ನುವವನ ಜೊತೆ ಹೇಗೆ ಬಾಳಲಿ?

ಮನೆ ಸೇರಿದವಳೇ ಅಂದಳು: “ಭಾನುವಾರ ಬರೋದು ಬ್ಯಾಡ ಅಂತ ಹೇಳವ್ವಾ.”

ತಾಯಿ ವಿರೂಪಮ್ಮ ಬೆರಗಾದರು. “ಯಾಕವಾ? ಫೋಟೋ ನೋಡಿ ನೋಡಿ ನನ್ನ ಮೊಬೈಲಿನ ಚಾರ್ಜೆಲ್ಲ ಮುಗಿಸಿದ್ಯಲ್ಲ.”

“ಫೋಟೋ ಮಾತಾಡಿದ್ದಿಲ್ಲವ್ವಾ...”

ಶನಿವಾರ ಶಾಲೆ ಬಿಡುವ ಹೊತ್ತಿಗೆ ಶೇಖರ್ ಮತ್ತೆ ಬಂದ. ಬಗಲಲ್ಲಿ ಮಡಚಿದ ಜೀನ್ಸ್ ಬಟ್ಟೆ. ಪಂಪಾ ಓಡಿ ಹೋಗಿ ಅವನ ಕೈ ಹಿಡಿದಳು.

“ಬ್ಯಾಡ ಅಂತ ನಿಮ್ಮ ಮನಿಯಿಂದ ಫೋನ್ ಬಂತ್ರಿ. ಅದನ್ನ ಕೇಳಾಕ ಬಂದಿಲ್ಲ ನಾನು. ನೀನೇ ಬಾ ಅಂತ ಈಕಿ ಹಟ ಹಿಡದಿದ್ಲು.”

ಜಯಶ್ರೀ ಕವಡೆಗಳನ್ನು ಡಬ್ಬಿಗೆ ತುಂಬತೊಡಗಿದಳು.

“ಆಟ ಅರ್ಧಕ್ಕ ಬಿಡಿಸಿದಿ ಅಂತ ಮನ್ಯಾಗ ಒಂದೇ ಸಮ ಅತ್ಲು. ಸಮಾಧಾನಕ್ಕ ನಾನೇ ಆಡಾಕ ಕುಂತೆ. ನಂಗ ನಾಲ್ಕು ಬಿತ್ತು. ನಾಲ್ಕನೇ ಮನ್ಯಾಗ ಈಕಿ ಕಾಯಿ. ಕಡದ್ರ ಮತ್ತ ಅಳ್ತಾಳ ಅಂತ ಮೂರೇ ಮನಿ ನಡಸ್ದೆ...”

“ಮೋಸ ಮಾಡ್ದ, ಮಿಸ್,” ಎಂದಳು ಪಂಪಾ. “ನಾಕು ಬಿದ್ರ ನಾಕೇ ಮನಿ. ಒಂದು, ಎರಡು, ಮೂರು, ನಾಕು.” ಪುಟ್ಟ ಬೆರಳು ಗಾಳಿಯಲ್ಲಿ ಜಿಗಿಯಿತು. “ಕಡಿ ಅಂದೆ. ಕಡದ. ಸ್ವಲ್ಪ ಅತ್ತೆ. ಆಮ್ಯಾಲ ಮತ್ತ ಕವಡಿ ಹಾಕ್ದೆ.”

ಜಯಶ್ರೀಯ ಕಣ್ಣು ತುಂಬಿತು. ಮೊನ್ನೆಮೊನ್ನೆಯವರೆಗೂ ಕಾಯಿ ಕಡಿದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ ಕೂಸು ಇದು. ಲೆಕ್ಕವೂ ಬಂತು, ಸೋತು ಮತ್ತೆ ಕೂರುವುದೂ ಬಂತು...

ಶೇಖರ್ ಹೊರಗೆ ನಿಂತಿದ್ದ ತಾಯಂದಿರಿಗೂ ಕೇಳುವಂತೆ ಹೇಳಿದ: “ನಮ್ಮ ಓಣ್ಯಾಗ ಕವಡಿ ಅಂದ್ರ ದೊಡ್ಡೋರು ಪಣ ಕಟ್ಟಿ ಆಡೋದು. ಅದನ್ನೇ ನೋಡಿ ಬೆಳದಾಂವ ನಾನು. ಇವ್ರು ಏನು ಕಲಸಾಕ ಹತ್ಯಾರ ಅಂತ ತಿಳೀಲಾರದ ಅಂದುಬಿಟ್ಟೆ. ತಪ್ಪಾತ್ರಿ ಮಿಸ್.”

ಬಟ್ಟೆ ಬಿಚ್ಚಿ ಹಾಸಿದ. ನೀಲಿ ಜೀನ್ಸ್ ಮೇಲೆ ಹಳದಿ ದಾರದಲ್ಲಿ ಹೊಲಿದ ಚೌಕಾಬಾರ! ಪಂಪಾ ಅಲ್ಲೇ ಕೂತು ಮನೆ ಎಣಿಸತೊಡಗಿದಳು.

ಜಯಶ್ರೀ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕೇಳಲೋ ಬೇಡವೋ... ಕೇಳಿಯೇಬಿಟ್ಟಳು.

“ಮದುವಿ ಆದ್ರ ನಾನು ಸಾಲಿ ಬಿಡಬೇಕೇನ್ರಿ?”

“ನೀವು ಬಿಟ್ರ ನಂಗ ಕಲಸೋರು ಯಾರ್ರಿ? ಈಕಿಗಿಂತ ಹಿಂದ ಅದೀನಿ ನಾನು.” ಅವನ ದನಿ ತಗ್ಗಿತು. “ಫೋಟೋ ನೋಡ್ದಾಗ ಮನಸ್ಸಾಗಿತ್ತು. ಈಗ... ನೀವಿಲ್ದ ಆಗಂಗಿಲ್ಲ ಅನಸ್ತೈತಿ.”

ಕೌಲ್ ಬಜಾರಿನ ಆಟೋಗಳ ಹಾರ್ನು ಅವಳಿಗೆ ಕೇಳಿಸಲೇ ಇಲ್ಲ.

“ಭಾನುವಾರ ಬರ್ರಿ,” ಎಂದಳು ಮೆಲ್ಲಗೆ. “ಮಂಡಕ್ಕಿ ಒಗ್ಗರಣಿ, ಮಿರ್ಚಿ ನಾನೇ ಮಾಡ್ತೀನಿ. ಖಾರ ಆದ್ರ ಖಾರ ಅನ್ರಿ. ನನ್ನ ಸಲುವಾಗಿ ಚಲೋ ಐತಿ ಅನ್ನಬ್ಯಾಡ್ರಿ.”

“ಅನ್ನಂಗಿಲ್ರಿ,” ಎಂದ ಶೇಖರ್. “ಖಾರ ಐತಿ ಅಂತೀನಿ... ಇನ್ನೊಂದು ಹಾಕ್ರಿ ಅಂತೀನಿ.”